ಗ್ರೇಟರ್ ಮೈಸೂರಿನ ನಕ್ಷೆ ನಮ್ಮ ಬೀದಿಗೂ ಬರಲಿ: ನಗರಾಭಿವೃದ್ಧಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ಹೂಟಗಳ್ಳಿ ನಗರಸಭೆ, ಜೊತೆಗೆ ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳನ್ನು ಮೈಸೂರು ಪಾಲಿಕೆಗೆ ಸೇರಿಸಿ ಗ್ರೇಟರ್ ಮೈಸೂರು ಮಾಡಲು ಹೊರಟಿದ್ದೀರಿ. ಸಂತೋಷ. ರಿಂಗ್ ರೋಡ್ ದಾಟಿ ಮನೆ ಕಟ್ಟಿಕೊಂಡ ನಮ್ಮಂಥವರು ಕಾವೇರಿ ನೀರಿಗೆ, ಯುಜಿಡಿಗೆ (ಒಳಚರಂಡಿಗೆ) ಕಾಯ್ತಾ ಕೂತು ಬಹಳ ಕಾಲವಾಯಿತು. ಆದರೆ ಗಡಿಯೊಳಗೆ ಏನು ಎಲ್ಲಿ ಬರಬೇಕು ಅನ್ನೋದನ್ನು ಅಲ್ಲಿ ವಾಸ ಇರುವವರನ್ನು ಕೇಳಿ ತೀರ್ಮಾನಿಸಿ. ನನ್ನ ಕೋರಿಕೆ ಇದೊಂದೇ.

ಕೇಳುವ ಪದ್ಧತಿ ಈಗಾಗಲೇ ಇದೆಯಲ್ಲ ಅಂತ ಅಧಿಕಾರಿಗಳು ಹೇಳಬಹುದು. ನಿಜ, 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ ಮಾಸ್ಟರ್ ಪ್ಲಾನ್, ಅಂದ್ರೆ ಯಾವ ಜಾಗ ಯಾವುದಕ್ಕೆ ಅಂತ ತೋರಿಸುವ ನಕ್ಷೆಯ ಬಗ್ಗೆ ಜನರಿಂದ ಆಕ್ಷೇಪಣೆ ಕರೆಯುವ ಅವಕಾಶ ಇದೆ. ಕರೆಯುತ್ತಾರೆ ಕೂಡ. ಆದರೆ ಆ ನಕ್ಷೆಯನ್ನು ಒಮ್ಮೆ ನೀವೇ ಬಿಡಿಸಿ ನೋಡಿ. ಹಳದಿ ಅಂದ್ರೆ ವಸತಿ, ನೀಲಿ ವಾಣಿಜ್ಯ, ಕೆಂಪು ಸಾರ್ವಜನಿಕ ಬಳಕೆ, ಹಸಿರು ಪಾರ್ಕು. ಅದರ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣಗೆ ಸರ್ವೆ ನಂಬರ್. ನಮ್ಮ ವಿಳಾಸದಲ್ಲಿ ಇರೋದು ಸೈಟ್ ನಂಬರ್, ಎರಡನೇ ಅಡ್ಡರಸ್ತೆ, ಗಣಪತಿ ಗುಡಿ ಹಿಂಭಾಗ. ಎರಡಕ್ಕೂ ತಾಳೆ ಹಾಕೋದು ಹೇಗೆ? ಸಾಲ ಮಾಡಿ ಮನೆ ಕಟ್ಟಿದವನಿಗೆ ತನ್ನ ಮನೆ ಯಾವ ಬಣ್ಣದಲ್ಲಿದೆ ಅಂತಲೇ ತಿಳಿಯಲ್ಲ. ಮುಂದಿನ ರಸ್ತೆ ಅಗಲವಾಗುತ್ತೆ ಅನ್ನೋದು ಗೊತ್ತಾಗೋದು ಕಾಂಪೌಂಡ್ ಮೇಲೆ ಗುರುತು ಬಿದ್ದ ದಿನ.

ನಮ್ಮ ಬಡಾವಣೆಯ ನಕ್ಷೆಯಲ್ಲಿ ಒಂದು ಪಾರ್ಕ್ ಇದೆ. ಹೋಗಿ ನೋಡಿದ್ರೆ ಪಂಪ್ ಶೆಡ್ಡು, ಒಡೆದ ಟೈಲ್ಸ್ ರಾಶಿ, ಒಂದು ಹೊಂಗೆ ಮರ. ಜೋರು ಮಳೆ ಬಂದರೆ ನೀರು ಯಾವ ಕಡೆಯಿಂದ ನುಗ್ಗುತ್ತೆ ಅಂತ ಎದುರುಮನೆ ಅಜ್ಜಿ ಕೈ ತೋರಿಸಿ ಹೇಳುತ್ತಾರೆ. ಸೈಟ್ ಆಗುವ ಮೊದಲು ಅಲ್ಲೇ ಅವರ ರಾಗಿ ಹೊಲ ಇತ್ತು. ಅವರನ್ನು ಯಾವ ಸರ್ವೆಯವರೂ ಮಾತಾಡಿಸಿಲ್ಲ. ಕುಕ್ಕರಹಳ್ಳಿ ಕೆರೆಗೆ ನೀರು ತರುತ್ತಿದ್ದ ಪೂರ್ಣಯ್ಯ ನಾಲೆ ಒತ್ತುವರಿಯಾಗಿ ಎಷ್ಟೋ ಕಡೆ ಗುರುತೇ ಸಿಗದಂತಾಗಿದೆ. ಹೊರವಲಯದ ಹಳ್ಳಗಳಿಗೂ ಅದೇ ಗತಿ ಬರುವ ಮೊದಲು ಇಂಥವರನ್ನು ಕೇಳಬೇಕು. 1903ರಲ್ಲೇ ಸಿಐಟಿಬಿ (ನಗರ ಸುಧಾರಣಾ ಮಂಡಳಿ) ಕಟ್ಟಿ ಊರನ್ನು ಅಳೆದು ಸುರಿದು ಬೆಳೆಸಿದ ಮೈಸೂರಿಗೆ ಇದೇನು ದೊಡ್ಡ ಕೆಲಸವಲ್ಲ.

ಯಾರು ಕೇಳಬೇಕು ಅನ್ನೋದು ಮುಂದಿನ ಪ್ರಶ್ನೆ. ಮಹಾನಗರ ಪಾಲಿಕೆ ಸದಸ್ಯರ ಅವಧಿ 2023ರ ನವೆಂಬರ್‌ನಲ್ಲೇ ಮುಗಿಯಿತು. ಆಮೇಲೆ ಆಡಳಿತಾಧಿಕಾರಿಗಳ ಕಾರುಬಾರು. ಕಾರ್ಪೊರೇಟರ್ ಇದ್ದಾಗಲೂ ಬೈಯುತ್ತಿದ್ದೆವು ಅನ್ನಿ, ಆದರೆ ಬೈಯೋಕಾದರೂ ಒಬ್ಬರು ಸಿಗುತ್ತಿದ್ದರು! 3 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ನಗರದಲ್ಲಿ ವಾರ್ಡ್ ಸಮಿತಿ ಇರಲೇಬೇಕು ಅಂತ ಸಂವಿಧಾನದ 74ನೇ ತಿದ್ದುಪಡಿ ಹೇಳುತ್ತದೆ. ಅದು ಜಾರಿಗೆ ಬಂದದ್ದು 1993ರಲ್ಲಿ. ಚುನಾವಣೆ ಮಾಡಿ, ಸಮಿತಿ ರಚಿಸಿ. ಪಕ್ಷದ ಹುಡುಗರನ್ನು ಸುಮ್ನೆ ತುಂಬಬೇಡಿ. ಬೀದಿಬದಿ ವ್ಯಾಪಾರಿ, ಬಾಡಿಗೆ ಮನೆಯವರು, ಪೌರಕಾರ್ಮಿಕರು ಇರಲಿ.

ಅಲ್ಲಿಯವರೆಗೆ ಕೈ ಕಟ್ಟಿ ಕೂರಬೇಕಿಲ್ಲ. ಕರಡು ನಕ್ಷೆಯನ್ನು ವಾರ್ಡುವಾರು ಕತ್ತರಿಸಿ ದೊಡ್ಡದಾಗಿ ಪ್ರಿಂಟ್ ಹಾಕಿಸಿ. ಗುಡಿ, ಮಸೀದಿ, ಶಾಲೆ, ಬಸ್ ಸ್ಟಾಪ್ ಹೆಸರನ್ನು ಕನ್ನಡದಲ್ಲಿ ಬರೆಸಿ. ಭಾನುವಾರ ಸಭೆ ಇಡಿ, ಕೆಲಸದ ದಿನ ಹನ್ನೊಂದು ಗಂಟೆಗೆ ಕರೆದರೆ ಬರುವವರು ರಿಯಲ್ ಎಸ್ಟೇಟ್‌ನವರು ಮಾತ್ರ. ಆಕ್ಷೇಪಣೆ ಕೊಟ್ಟವರಿಗೆ ಒಪ್ಪಿದ್ದೇವೆ ಅಥವಾ ಇಲ್ಲ, ಯಾಕೆ ಅಂತ ಲಿಖಿತ ಉತ್ತರ ಕೊಡಿ.

ಮೊದಲ ಸಭೆ ನಮ್ಮ ಕಡೆಯ ಸರ್ಕಾರಿ ಶಾಲೆಯಲ್ಲೇ ಆಗಲಿ. ಶಾಮಿಯಾನ, ಹಾರ, ತುರಾಯಿ ಏನೂ ಬೇಡ. ಟೀ ಖರ್ಚು ನಮ್ಮದು, ನೀವು ನಕ್ಷೆ ಮತ್ತು ಅದನ್ನು ಓದಿ ಹೇಳಬಲ್ಲ ಒಬ್ಬ ಎಂಜಿನಿಯರ್ ಕಳಿಸಿ.

ಇಂತಿ,
ರಿಂಗ್ ರೋಡ್ ಆಚೆಯ ಒಬ್ಬ ನಿವಾಸಿ,
ಮೈಸೂರು