ಪೆಂಗ್ವಿನ್ನಿನ ಕೋಳಿನಿದ್ದೆ, ಪೂರ್ತಿ ಲೆಕ್ಕ ಹಾಕಿ ಸ್ವಾಮಿ

ಸಂಪಾದಕರಿಗೆ ನಮಸ್ಕಾರ,

ಮೊನ್ನೆ ನಿಮ್ಮ ಪೇಪರ್ ಒಳಪುಟದ ಮೂಲೆಯಲ್ಲಿ 'ಪೆಂಗ್ವಿನ್ ನಿದ್ದೆ ಮಾಡೋದು ಬರೀ 4 ಸೆಕೆಂಡ್' ಅಂತ ಒಂದು ಬಾಕ್ಸ್ ಹಾಕಿದ್ರಿ. ನನ್ನ ಮಗಳು ಅದನ್ನ ಕತ್ತರಿಸಿ ಸೈನ್ಸ್ ನೋಟ್‌ಬುಕ್ಕಿಗೆ ಅಂಟಿಸ್ಕೊಂಡು, ರಾತ್ರಿ ಮಲ್ಕೋ ಅಂದ್ರೆ ಪೆಂಗ್ವಿನ್ನಿಗೆ ಅಷ್ಟೇ ಸಾಕಂತೆ ನಂಗ್ಯಾಕೆ ಅಂತ ವಾದಕ್ಕೆ ನಿಂತಿದಾಳೆ!

4 ಸೆಕೆಂಡ್ ಅನ್ನೋದು ಒಂದು ತೂಕಡಿಕೆಗೆ. ಅಂಥಾ ತೂಕಡಿಕೆ ದಿನಕ್ಕೆ 10,000ಕ್ಕಿಂತ ಜಾಸ್ತಿ, ಕೂಡಿಸಿದ್ರೆ 11 ಗಂಟೆ ಮೇಲಾಗುತ್ತೆ, ಅಂದ್ರೆ ನನಗಿಂತ ಜಾಸ್ತಿನೇ ನಿದ್ದೆ ಮಾಡ್ತವೆ. ಅದೂ ಎಲ್ಲಾ ಪೆಂಗ್ವಿನ್ ಅಲ್ಲ, ಗಲ್ಲದ ಕೆಳಗೆ ಹೆಲ್ಮೆಟ್ ಪಟ್ಟಿ ಥರ ಕಪ್ಪು ಗೆರೆ ಇರೋ ಚಿನ್‌ಸ್ಟ್ರಾಪ್ ಅನ್ನೋ ಜಾತಿ, ಅದರಲ್ಲೂ ಮೊಟ್ಟೆಗೆ ಕಾವು ಕೊಡ್ತಾ ಇದ್ದಂಥವು. ಬಾಣಂತಿ ನಿದ್ದೆ ನೋಡಿ ಮನುಷ್ಯರೆಲ್ಲ ಇಷ್ಟೇ ಮಲಗೋದು ಅಂದ ಹಾಗಾಯ್ತು.

ಇದು ಗೊತ್ತಾಗಿದ್ದು ಹೇಗೆ ಅನ್ನೋದೇ ಅಸಲಿ ಸುದ್ದಿ, ಅದನ್ನೇ ನೀವು ಬಿಟ್ಬಿಟ್ರಿ. 2019ರ ಡಿಸೆಂಬರ್‌ನಲ್ಲಿ ಅಂಟಾರ್ಕ್ಟಿಕಾದ ಕಿಂಗ್ ಜಾರ್ಜ್ ದ್ವೀಪದಲ್ಲಿ ಫ್ರಾನ್ಸ್ ಮತ್ತೆ ದಕ್ಷಿಣ ಕೊರಿಯಾದೋರು ಸೇರಿ 14 ಹಕ್ಕಿಗಳ ತಲೆಗೆ ಎಲೆಕ್ಟ್ರೋಡ್ ಹಾಕಿ ಮೆದುಳಿನ ಅಲೆ ರೆಕಾರ್ಡ್ ಮಾಡಿದ್ರು. ಗಂಡು ಹೆಣ್ಣಲ್ಲಿ ಒಂದು ಸಮುದ್ರಕ್ಕೆ ಹೋದ್ರೆ ಇನ್ನೊಂದು ಗೂಡು ಕಾಯ್ಬೇಕು, ಸ್ಕೂವಾ ಅನ್ನೋ ಕಳ್ಳ ಹಕ್ಕಿ ಮೊಟ್ಟೆಗೆ ಹೊಂಚು ಹಾಕಿರುತ್ತೆ, ಅದಕ್ಕೆ ಈ ಕೋಳಿನಿದ್ದೆ. ಹಂಗಾದ್ರೆ ಗೂಡುಗಳೆಲ್ಲ ಒಟ್ಟಿಗಿರೋ ಕಾಲೊನಿಯ ಅಂಚಲ್ಲಿರೋದಕ್ಕೆ ನಿದ್ದೆ ಇನ್ನೂ ಕೆಡ್ಬೇಕಲ್ವಾ? ಉಲ್ಟಾ! ನಿದ್ದೆ ಜಾಸ್ತಿ ಕೆಟ್ಟಿದ್ದು ಮಧ್ಯದಲ್ಲಿದ್ದವಕ್ಕೆ. ಅಕ್ಕಪಕ್ಕದೋರ ಗಲಾಟೆ, ಕೊಕ್ಕಿನ ಜಗಳ, ಸಂತೇಲಿ ಮನೆ ಮಾಡಿದ ಹಾಗೆ.

ಹೇಗೆ ಅಂತ ಕೇಳೋದು ಯಾಕೆ ಮುಖ್ಯ ಅಂದ್ರೆ ಕೆಲವು ಸಲ ವಿಧಾನವೇ ಕೈ ಕೊಡುತ್ತೆ. ಪೆಂಗ್ವಿನ್ ಕಾಲಿಗೆ ಬೇರೆ ಹಕ್ಕಿಗಳ ಥರ ಉಂಗುರ ಕೂರಲ್ಲ ಅಂತ ಎಷ್ಟೋ ವರ್ಷ ರೆಕ್ಕೆಗೇ ಲೋಹದ ಪಟ್ಟಿ ಹಾಕಿ ಗುರುತಿಡ್ತಿದ್ರು. ಹಿಂದೂ ಮಹಾಸಾಗರದ ದಕ್ಷಿಣದಲ್ಲಿರೋ ಕ್ರೋಜೆ ದ್ವೀಪಗಳಲ್ಲಿ ಕಿಂಗ್ ಅನ್ನೋ ಜಾತಿಯ 100 ಪೆಂಗ್ವಿನ್ ತಗೊಂಡು, ಎಲ್ಲದಕ್ಕೂ ಚರ್ಮದಡಿ ಸಣ್ಣ ಚಿಪ್ ಇಟ್ಟು 50ಕ್ಕೆ ಮಾತ್ರ ಪಟ್ಟಿ ಹಾಕಿ 10 ವರ್ಷ ನೋಡಿದ್ರೆ ಪಟ್ಟಿ ಇದ್ದವು ಹುಟ್ಟಿಸಿದ ಮರಿ 39% ಕಮ್ಮಿ, ಬದುಕಿ ಉಳಿದಿದ್ದೂ 16% ಕಮ್ಮಿ. ಈಜುವಾಗ ಪಟ್ಟಿ ನೀರಿಗೆ ಅಡ್ಡ ಬಂದು ಹಕ್ಕಿ ಸುಸ್ತಾಗುತ್ತೆ, ಗೂಡಿಗೂ ಲೇಟಾಗಿ ಬರುತ್ತೆ. 2011ರಲ್ಲಿ ಇದು ಪ್ರಕಟ ಆದಾಗ ಪಟ್ಟಿ ಹಾಕಿದ ಹಕ್ಕಿಗಳನ್ನ ನೋಡಿ ಹವಾಮಾನ ಬದಲಾವಣೆ ಬಗ್ಗೆ ಬರೆದಿದ್ದ ಲೆಕ್ಕಗಳನ್ನೇ ಮತ್ತೆ ನೋಡ್ಬೇಕು ಅನ್ನೋ ಚರ್ಚೆ ಶುರುವಾಯ್ತು. ನಾವು ನೋಡ್ತೀವಿ ಅಂತ ಹೋಗಿ ಅವುಗಳ ಬದುಕನ್ನೇ ಬದಲಾಯಿಸಿದ್ವಿ. (14 ಹಕ್ಕಿಗಳ ತಲೆ ಮೇಲಿನ ಎಲೆಕ್ಟ್ರೋಡ್ ಬಗ್ಗೆನೂ ನಂಗೆ ಅದೇ ಡೌಟು, ಆದ್ರೂ ಅವು ಮೊಟ್ಟೆ ಬಿಟ್ಟು ಓಡಿಲ್ಲ ಅನ್ನೋದು ಸಮಾಧಾನ.)

ಜಾಗ ಕಮ್ಮಿ ಅಂತ ಗೊತ್ತು ಸರ್. ಆದ್ರೂ ಯಾವ ಜಾತಿ, ಎಷ್ಟು ಹಕ್ಕಿ, ಎಲ್ಲಿ ನೋಡಿದ್ರು, ಇಷ್ಟು ಒಂದೇ ಲೈನಲ್ಲಿ ಹಾಕಬಹುದು. ತಿದ್ದುಪಡಿ ಯಾವಾಗ ಹಾಕ್ತೀರಿ? ನೋಟ್‌ಬುಕ್ಕಲ್ಲಿ ಪಕ್ಕದ ಪುಟ ಖಾಲಿ ಬಿಡಿಸಿದೀನಿ.

ಇಂತಿ,
ಓದುಗ, ಶಿವಮೊಗ್ಗ