ಮರೆವಿನ ಹಿರಿಯರಿಗೆ ಆಶ್ರಮ ಹುಡುಕುವವರು ಸಂಜೆ ಆರಕ್ಕೆ ಹೋಗಿ ನೋಡಲಿ

ಮಾನ್ಯರೆ,

ನಿಮ್ಮ ಪತ್ರಿಕೆಯ ಜಿಲ್ಲಾ ಪುಟದ ಮೂಲೆಯಲ್ಲಿ ಬರುವ ‘ಕಾಣೆಯಾಗಿದ್ದಾರೆ’ ಪ್ರಕಟಣೆಗಳನ್ನು ಓದುವವರಿಗೆ ಒಂದು ಸಾಲು ಚಿರಪರಿಚಿತ: ‘ಸ್ವಲ್ಪ ಮರೆವು ಇದೆ, ಕನ್ನಡ ಬಲ್ಲರು’. ಅಂಥ ಹಿರಿಯರು ಬಸ್ ನಿಲ್ದಾಣದಲ್ಲೋ ಪಕ್ಕದೂರಿನ ಕಾಫಿ ತೋಟದಲ್ಲೋ ಸಿಕ್ಕ ಮೇಲೆ ಬೆಂಗಳೂರಿನ ಮಕ್ಕಳು ವಾರ ರಜೆ ಹಾಕಿ ಬರುತ್ತಾರೆ, ಆ ರಜೆ ಮುಗಿಯುವುದರೊಳಗೆ ಒಂದು ‘ಒಳ್ಳೆ ಆಶ್ರಮ’ ಹುಡುಕಬೇಕಾಗುತ್ತದೆ. ಹಾಸನ, ಸಕಲೇಶಪುರ, ಮೂಡಿಗೆರೆ ಕಡೆಯ ಮನೆಗಳಲ್ಲಿ ಇದೀಗ ಮಾಮೂಲಿ. ಆ ಅವಸರದಲ್ಲಿ ಕಣ್ಣಿಗೆ ಬೀಳುವುದು ಕಟ್ಟಡ, ಹೂತೋಟ, ದೇವರ ಕೋಣೆ. ಹಿರಿಯರ ಆರೈಕೆಯ ಕೆಲಸದಲ್ಲಿರುವ ನಾವು ಹೇಳಬೇಕೆಂದಿರುವುದು ಅವು ಬಿಟ್ಟು ಉಳಿದದ್ದನ್ನು.

ಮೊದಲಿಗೆ, ‘ಅರವತ್ತಕ್ಕೆ ಅರಳು ಮರುಳು’ ಎಂದು ತೀರ್ಮಾನಿಸಿಬಿಡಬೇಡಿ. ಬಿ12 ಕೊರತೆ, ಥೈರಾಯ್ಡ್, ರಕ್ತದಲ್ಲಿ ಸೋಡಿಯಂ ಇಳಿದಿರುವುದು, ಖಿನ್ನತೆ, ತಿಂಗಳ ಹಿಂದೆ ಜಾರಿ ಬಿದ್ದಾಗ ತಲೆಯೊಳಗೆ ಕಟ್ಟಿಕೊಂಡ ರಕ್ತ, ಇವೆಲ್ಲ ಡಿಮೆನ್ಷಿಯಾದ (ಮರೆವಿನ ಕಾಯಿಲೆಯ) ಹಾಗೇ ಕಾಣುತ್ತವೆ. ಇವಕ್ಕೆ ಚಿಕಿತ್ಸೆ ಇದೆ. ಎರಡು ಮೂರು ದಿನದಲ್ಲಿ ದಿಢೀರನೆ ಗೊಂದಲ ಶುರುವಾಗಿದ್ದರೆ ಅದು ಮೂತ್ರದ ಸೋಂಕೋ ಹೊಸ ಮಾತ್ರೆಯ ಪ್ರಭಾವವೋ ಆಗಿರುವುದೇ ಹೆಚ್ಚು. ಗೊಂದಲ ತರಲು ನೆಗಡಿಗೆಂದು ಅಂಗಡಿಯಲ್ಲಿ ತಂದ ಮಾತ್ರೆಯೂ ಸಾಕು. ಅಂಥವರನ್ನು ಕರೆದೊಯ್ಯಬೇಕಾದ್ದು ಆಸ್ಪತ್ರೆಗೆ. ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲಾ ಕೇಂದ್ರಗಳಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಅಲ್ಲಿ ಬಗೆಹರಿಯದಿದ್ದರೆ ನಿಮ್ಹಾನ್ಸ್ ಇದೆ.

ಡಿಮೆನ್ಷಿಯಾ ಎಂದು ಖಚಿತವಾದ ಮೇಲೆ ತಿಳಿಯಬೇಕಾದ್ದು, ಸಾಮಾನ್ಯ ವೃದ್ಧಾಶ್ರಮ ಬೇರೆ, ಮರೆವಿನವರ ಆರೈಕೆ ಕೇಂದ್ರ ಬೇರೆ. ವೃದ್ಧಾಶ್ರಮದ ಲೆಕ್ಕಾಚಾರವೆಲ್ಲ ತಾನೇ ಎದ್ದು ಸ್ನಾನ ಮಾಡಿ ಊಟಕ್ಕೆ ಬಂದು ಕೂರುವವರನ್ನು ನಂಬಿ ನಡೆಯುತ್ತದೆ. ಮರೆವಿನವರನ್ನು ಅಲ್ಲಿಗೆ ಸೇರಿಸಿದರೆ ಮೊದಲ ತಿಂಗಳು ಎಲ್ಲ ಸರಿಯಿರುತ್ತದೆ, ಆಮೇಲೆ ‘ನಿಮ್ಮವರು ರಾತ್ರಿ ಗೇಟು ಬಡಿಯುತ್ತಾರೆ, ಕರೆದುಕೊಂಡು ಹೋಗಿ’ ಎಂಬ ಫೋನು. ಯಾವ ಸ್ಥಿತಿ ಬಂದರೆ ವಾಪಸು ಕಳುಹಿಸುತ್ತೀರಿ ಎಂಬುದನ್ನು ಸೇರಿಸುವ ದಿನವೇ ಬರಹದಲ್ಲಿ ಪಡೆಯಿರಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ವಿವೇಚನೆಯನ್ನೇ ಕೆಡಿಸುವಂಥ ನೆನಪಿನ ತೊಂದರೆಯೂ ಬರುತ್ತದೆ. ಆದ್ದರಿಂದ ಇಂಥವರಿಗೆ ಚಿಕಿತ್ಸೆ, ಆರೈಕೆ ಎಂದು ಹೇಳಿಕೊಳ್ಳುವ ಕೇಂದ್ರದ ಬಳಿ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಪತ್ರ ಕೇಳಿ ನೋಡಿ. ಸರಪಳಿ ಹಾಕುವುದನ್ನು ಆ ಕಾಯ್ದೆ ಪೂರ್ತಿ ನಿಷೇಧಿಸಿದೆ. ಮಂಚಕ್ಕೆ ಕಟ್ಟುವುದೂ ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ, ಮನೋವೈದ್ಯರ ಅನುಮತಿಯಿಂದ ಮಾತ್ರ. ‘ಬೀಳಬಾರದು ಅಂತ ಸ್ವಲ್ಪ ಕಟ್ಟಿದ್ದೀವಿ’ ಎಂಬ ಮಾತು ಕೇಳಿಬಂದರೆ ಅಲ್ಲಿಂದ ಎದ್ದು ಬನ್ನಿ.

ಎರಡು ಸಲ ಹೋಗಿ. ಮೊದಲ ಸಲ ಹೇಳಿ, ಎರಡನೆಯ ಸಲ ಹೇಳದೆ, ಸಂಜೆ ಆರಕ್ಕೆ. ಬೆಳಕು ಇಳಿಯುವ ಹೊತ್ತಿಗೆ ಈ ಹಿರಿಯರಿಗೆ ಚಡಪಡಿಕೆ ಹೆಚ್ಚುತ್ತದೆ: ಮನೆಗೆ ಹೋಗಬೇಕು, ದನ ಕಟ್ಟಬೇಕು, ಆಳುಗಳಿಗೆ ಬಟವಾಡೆ ಕೊಡಬೇಕು. ಆ ಹೊತ್ತಿನಲ್ಲಿ ದೀಪಗಳು ಹತ್ತಿವೆಯೇ? ಯಾರಾದರೂ ಜೊತೆಗೆ ಅಂಗಳದಲ್ಲಿ ನಡೆಯುತ್ತಿದ್ದಾರೆಯೇ? ಇಲ್ಲ ಎಲ್ಲರನ್ನೂ ಟಿವಿ ಮುಂದೆ ಸಾಲಾಗಿ ಕೂರಿಸಲಾಗಿದೆಯೇ? ಇಪ್ಪತ್ತು ಜನರಿರುವ ಜಾಗ ಸಂಜೆ ಆರಕ್ಕೆ ನಿಶ್ಶಬ್ದವಾಗಿದ್ದರೆ ನಮಗೆ ಮೊದಲು ಬರುವ ಅನುಮಾನ ಮಾತ್ರೆಯದು. ಚಡಪಡಿಕೆ ತಗ್ಗಿಸಲು ಕೊಡುವ ಹ್ಯಾಲೊಪೆರಿಡಾಲ್, ಕ್ವೆಟಿಯಾಪಿನ್ ಜಾತಿಯ ಔಷಧಗಳು ಡಿಮೆನ್ಷಿಯಾ ಇರುವ ವೃದ್ಧರಲ್ಲಿ ಸಾವಿನ ಅಪಾಯ ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಕ್ವೆಟಿಯಾಪಿನ್ ಜಾತಿಯ ಬಗ್ಗೆ 2005ರಲ್ಲೇ, ಹ್ಯಾಲೊಪೆರಿಡಾಲ್ ಜಾತಿಯ ಬಗ್ಗೆ 2008ರಲ್ಲಿ ಎಚ್ಚರಿಸಿದೆ. ಕೆಲವರಿಗೆ ಅವು ಬೇಕಾಗುತ್ತವೆ, ನಿಜ. ಆದರೆ ಬರೆದುಕೊಟ್ಟವರು ಯಾರು, ಎಷ್ಟು ಡೋಸು, ಯಾವಾಗ ಕಡಿಮೆ ಮಾಡುತ್ತಾರೆ ಎಂಬುದು ಮನೆಯವರಿಗೆ ತಿಳಿದಿರಬೇಕು.

ಇನ್ನೊಂದು ಪ್ರಶ್ನೆ ಕೇಳಿ: ರಾತ್ರಿ ಎರಡು ಗಂಟೆಗೆ ಎಷ್ಟು ಜನ ಎಚ್ಚರವಾಗಿರುತ್ತಾರೆ? ‘ಸಿಬ್ಬಂದಿ ಇಲ್ಲೇ ಮಲಗ್ತಾರೆ’ ಎಂಬುದು ಉತ್ತರವಾಗುವುದಿಲ್ಲ. ನಮ್ಮ ಅಂದಾಜಿನಲ್ಲಿ ಹಗಲು ನಾಲ್ಕೈದು ಜನಕ್ಕೆ ಒಬ್ಬರು, ರಾತ್ರಿ ಎಂಟು ಜನಕ್ಕೆ ಎಚ್ಚರವಾಗಿರುವ ಒಬ್ಬರು ಇಲ್ಲದಿದ್ದರೆ ಆರೈಕೆ ನಡೆಯದು. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ರಾತ್ರಿ ಅದು ತಪ್ಪಿದರೆ ಸೊಂಟದ ಹಿಂಭಾಗದಲ್ಲಿ ಹುಣ್ಣು ಏಳುತ್ತದೆ.

ಒಂದು ಮಧ್ಯಾಹ್ನ ಊಟದ ಹೊತ್ತಿಗೂ ಹೋಗಿ ಕೂರಿ. ನಮ್ಮ ಕಡೆಯವರಿಗೆ ಮುದ್ದೆ ಅಗಿದು ಅಭ್ಯಾಸವಿಲ್ಲ, ಸಾರಿನಲ್ಲಿ ಅದ್ದಿ ನುಂಗಿಯೇ ರೂಢಿ. ಕಾಯಿಲೆ ಮುಂದುವರಿದಂತೆ ನುಂಗುವ ಶಕ್ತಿ ಕುಂದುತ್ತದೆ. ಮೊದಲು ಕೈಕೊಡುವುದು ನೀರು, ಕಾಫಿ, ತಿಳಿಸಾರು: ಕುಡಿದೊಡನೆ ಕೆಮ್ಮು, ಆಮೇಲೆ ಗಂಟಲಲ್ಲಿ ನೀರು ನಿಂತಂತೆ ಗೊರಗೊರ ದನಿ. ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಗಟ್ಟಿ ಮುದ್ದೆಯ ತುಂಡು ಗಂಟಲಲ್ಲೇ ಕೂತುಬಿಡಬಹುದು. ಅದನ್ನು ಸಾರಿನಲ್ಲಿ ಕಿವುಚಿ ಮೆತ್ತಗೆ ಮಾಡಿ, ಚಿಕ್ಕ ಚಮಚದಲ್ಲಿ, ಹಿಂದಿನ ತುತ್ತು ಇಳಿದದ್ದನ್ನು ನೋಡಿಕೊಂಡು ಮುಂದಿನದನ್ನು ಕೊಡಬೇಕು. ನೆಟ್ಟಗೆ ಕೂರಿಸಿ ಉಣಿಸಬೇಕು, ಊಟವಾದ ಮೇಲೆ ಅರ್ಧ ಗಂಟೆ ಮಲಗಿಸಬಾರದು. ಹೀಗೆ ಒಬ್ಬರಿಗೆ ಉಣಿಸಲು ಮುಕ್ಕಾಲು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಒಬ್ಬ ಆಯಾ ಅಷ್ಟೇ ಹೊತ್ತಿನಲ್ಲಿ ಐದು ಜನಕ್ಕೆ ಉಣಿಸಿ ಮುಗಿಸುತ್ತಿದ್ದರೆ ಆ ತಟ್ಟೆಗಳಲ್ಲಿ ಎಷ್ಟು ಉಳಿದಿದೆ ನೋಡಿ. ಎಲೆ ಅಡಿಕೆಯವರಿಗೆ ಏನು ಮಾಡುತ್ತೀರಿ ಎಂದೂ ಕೇಳಿ. ಅಡಿಕೆ ಚೂರು ಗಂಟಲಿಗೆ ಅಪಾಯ, ಆದರೆ ಐವತ್ತು ವರ್ಷದ ಅಭ್ಯಾಸವನ್ನು ಒಂದೇ ದಿನ ಬಿಡಿಸಿದರೆ ಕೈ ಇಡೀ ದಿನ ಸೊಂಟದ ಚೀಲ ತಡಕುತ್ತಿರುತ್ತದೆ.

ಭಾಷೆಯನ್ನು ಬಹಳ ಜನ ಲೆಕ್ಕಕ್ಕೇ ಇಡುವುದಿಲ್ಲ. ದೊಡ್ಡ ಊರಿನ ಕೇಂದ್ರಗಳಲ್ಲಿ ಹೊರರಾಜ್ಯದಿಂದ ಬಂದ ಆರೈಕೆಯವರೇ ಹೆಚ್ಚು. ದುಡಿಯುವ ಮಕ್ಕಳೇ ಅವರು, ತಪ್ಪು ಅವರದಲ್ಲ. ಆದರೆ ಹಳ್ಳಿಯ ಅಜ್ಜ ‘ಹೊರಕಡೆ ಹೋಗ್ಬೇಕು’ ಅಂದರೆ ಅದು ಕಕ್ಕಸಿನ ಮಾತು. ಕೇಳಿದವರು ತಪ್ಪಿಸಿಕೊಂಡು ಹೋಗುತ್ತಾರೆಂದುಕೊಂಡು ಬಾಗಿಲಿಗೆ ಚಿಲಕ ಹಾಕುತ್ತಾರೆ. ಅಜ್ಜ ಬಾಗಿಲು ಬಡಿಯುತ್ತಾರೆ, ಪಂಚೆಯಲ್ಲೇ ಆಗಿಹೋಗುತ್ತದೆ, ಕಡತದಲ್ಲಿ ‘ಗಲಾಟೆ ಮಾಡುತ್ತಾರೆ’ ಎಂದು ಬರೆಯುತ್ತಾರೆ. ಅಲ್ಲಿಂದ ಡೈಪರ್‌ಗೆ, ನಿದ್ದೆ ಮಾತ್ರೆಗೆ ಹೆಚ್ಚು ದೂರವಿಲ್ಲ. ಆದ್ದರಿಂದ ಸೇರಿಸುವಾಗ ಒಂದು ಹಾಳೆ ಬರೆದು ಕೊಡಿ: ಅವರ ಬಾಯಲ್ಲಿ ಯಾವ ಮಾತಿಗೆ ಏನರ್ಥ, ಎಷ್ಟು ಹೊತ್ತಿಗೆ ಏಳುತ್ತಾರೆ, ಯಾರನ್ನು ಹುಡುಕುತ್ತಾರೆ, ಏನೆಂದು ಕರೆದರೆ ತಿರುಗಿ ನೋಡುತ್ತಾರೆ. ಜೀವಮಾನವೆಲ್ಲ ‘ಗೌಡ್ರೇ’ ಅನ್ನಿಸಿಕೊಂಡವರು ‘ಅಂಕಲ್’ ಎಂದರೆ ಓಗೊಡುವುದಿಲ್ಲ.

ಕಟ್ಟಡದ ಬಗ್ಗೆ ಎರಡೇ ಮಾತು. ಫಳಫಳ ಹೊಳೆಯುವ ಟೈಲ್ಸ್ ಅವರ ಕಣ್ಣಿಗೆ ನೀರು ನಿಂತಂತೆ ಕಾಣುತ್ತದೆ, ಕಾಲಿಡಲು ಹೆದರುತ್ತಾರೆ. ಕಕ್ಕಸಿನ ಬಾಗಿಲು ಗೋಡೆಯ ಬಣ್ಣದ್ದೇ ಆದರೆ ಅದು ಬಾಗಿಲೆಂದೇ ಗೊತ್ತಾಗುವುದಿಲ್ಲ.

ಮಾಸಿಕ ಶುಲ್ಕದಲ್ಲಿ ಡೈಪರ್, ಔಷಧ, ಫಿಸಿಯೋಥೆರಪಿ, ಆಸ್ಪತ್ರೆಗೆ ಸೇರಿಸಿದಾಗ ಜೊತೆಗಿರುವವರ ಕೂಲಿ ಸೇರಿದೆಯೇ, ಮುಂಗಡ ಯಾವಾಗ ವಾಪಸು ಎಂದು ಬರಹದಲ್ಲಿ ಕೇಳಿ. ಆರೋಗ್ಯ ವಿಮೆ ಆಸ್ಪತ್ರೆ ಖರ್ಚಿಗೆ. ಇಂಥ ವಾಸ್ತವ್ಯಕ್ಕೆ ಸಾಮಾನ್ಯವಾಗಿ ಸಿಗುವುದಿಲ್ಲ. ಅಪ್ಪ ಬರೆದುಕೊಟ್ಟ ಜನರಲ್ ಪವರ್ (ಅವರ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ) ಇದೆಯಲ್ಲ ಎಂದು ಧೈರ್ಯವಾಗಿರುವವರು ಗಮನಿಸಬೇಕು: ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ 1872ರ ಕರಾರು ಕಾಯ್ದೆಯ 201ನೇ ಕಲಮಿನ ಪ್ರಕಾರ ಅದು ಬಿದ್ದುಹೋಗುತ್ತದೆ. ಆಮೇಲೆ ಪಾಲಕರ ನೇಮಕಕ್ಕೆ ಹೈಕೋರ್ಟಿನ ತನಕ ಅಲೆಯಬೇಕಾಗಬಹುದು. ಉಯಿಲು, ಜಂಟಿ ಖಾತೆ, ನಾಮಿನಿ, ಇವೆಲ್ಲ ಕಾಯಿಲೆಯ ಆರಂಭದಲ್ಲೇ, ಅವರಿಗೆ ಇನ್ನೂ ತಿಳಿವಳಿಕೆ ಇರುವಾಗಲೇ ಆಗಲಿ. ಪಿಂಚಣಿದಾರರಾದರೆ ನವೆಂಬರಿನ ಜೀವಿತ ಪ್ರಮಾಣಪತ್ರವನ್ನು ಮೊಬೈಲಿನಲ್ಲಿ ಮುಖ ತೋರಿಸಿ ಕೊಡಬಹುದು, ಅದಕ್ಕೆ ಕೇಂದ್ರದವರು ಸಹಕರಿಸುತ್ತಾರೆಯೇ ಕೇಳಿಕೊಳ್ಳಿ.

ದೂರದ ಹೆಸರಾಂತ ಜಾಗಕ್ಕಿಂತ ಮಗಳೋ ಮಗನೋ ವಾರಕ್ಕೊಮ್ಮೆ ಹೇಳದೆ ಹೋಗಬಲ್ಲ ಸಾಧಾರಣ ಜಾಗವೇ ಮೇಲು ಎಂಬುದು ನಮ್ಮ ಅಭಿಪ್ರಾಯ. ತೊಂದರೆಯೆಂದರೆ ಅಂಥ ಜಾಗ ನಮ್ಮ ಎರಡೂ ಜಿಲ್ಲೆಗಳಲ್ಲಿ ಹುಡುಕಿ ಸಿಗುವುದು ಕಷ್ಟ. ಪ್ರತಿ ಜಿಲ್ಲೆಗೆ ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಸಾಲುವ ವೃದ್ಧಾಶ್ರಮದ ಮಾತು 2007ರ ತಂದೆತಾಯಿ, ಹಿರಿಯ ನಾಗರಿಕರ ಪೋಷಣೆ ಕಾಯ್ದೆಯಲ್ಲಿದೆ. ಮರೆವಿನವರಿಗೆಂದು ಪ್ರತ್ಯೇಕ ವಾರ್ಡಿನ ಮಾತು ಅಲ್ಲಿಲ್ಲ. ಜಿಲ್ಲಾ ಆಸ್ಪತ್ರೆಗಳಲ್ಲಿ ಹಗಲು ಹೊತ್ತು ಇರಿಸಿಕೊಳ್ಳುವ ಹತ್ತು ಹಾಸಿಗೆಯ ಕೇಂದ್ರವನ್ನಾದರೂ ಜಿಲ್ಲಾಡಳಿತ ತೆರೆಯಲಿ. ತಾವೂ ಆರೈಕೆ ಕೇಂದ್ರಗಳ ಜಾಹೀರಾತು ತೆಗೆದುಕೊಳ್ಳುವಾಗ ನೋಂದಣಿ ಸಂಖ್ಯೆ ಕೇಳಿ ಅಚ್ಚು ಹಾಕಿ. ‘ಕಾಣೆಯಾಗಿದ್ದಾರೆ’ ಅಂಕಣದ ಕೆಳಗೆ ಹಿರಿಯರ ಸಹಾಯವಾಣಿ 14567, ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416, ಈ ಎರಡು ಸಂಖ್ಯೆಗಳಿಗೆ ದಿನವೂ ಒಂದು ಸಾಲು ಜಾಗ ಕೊಡಿ.

— ಹಿರಿಯರ ಆರೈಕೆ ಕ್ಷೇತ್ರದಲ್ಲಿರುವ ಓದುಗರು, ಹಾಸನ