ಚಿಕಿತ್ಸೆಯ ಮುಖ್ಯ ಹಂತ ಮುಗಿದ ಸಂದರ್ಭದಲ್ಲಿ ಕೆಲವರಿಗೆ ವಂದನೆ

ಆಘಾತದ ನಂತರ ಮನಸ್ಸನ್ನು ಕಾಡುವ ಪಿಟಿಎಸ್‌ಡಿ ಕಾಯಿಲೆಗಾಗಿ ಮೈಸೂರಿನಲ್ಲಿ ನಾನು ಪಡೆಯುತ್ತಿದ್ದ ಚಿಕಿತ್ಸೆಯ ಮುಖ್ಯ ಹಂತ ಮುಗಿದಿದ್ದು, ಇನ್ನು ಆಗೊಮ್ಮೆ ಈಗೊಮ್ಮೆ ಬಂದು ತೋರಿಸಿಕೊಂಡರೆ ಸಾಕೆಂದು ವೈದ್ಯರು ತಿಳಿಸಿದ್ದಾರೆ. ಕಾಶ್ಮೀರದಲ್ಲಿ ಗಸ್ತಿನ ವೇಳೆ ನಡೆದ ಸ್ಫೋಟವನ್ನು ಕಂಡು, ಸೇವಾವಧಿ ಮುಗಿಸಿ ಶ್ರೀರಂಗಪಟ್ಟಣದ ಬಳಿಯ ನಮ್ಮೂರಿಗೆ ಮರಳಿದ ಮೇಲೂ, ನಿದ್ದೆಯಲ್ಲಿ ಕೂಗಿ ಏಳುವುದು, ಬಾಗಿಲಿಗೆ ಬೆನ್ನು ಮಾಡಿ ಕೂರಲಾಗದಿರುವುದು, ಸಣ್ಣ ಸದ್ದಿಗೂ ಮಕ್ಕಳ ಮೇಲೆ ಹರಿಹಾಯುವುದು ನಿಂತಿರಲಿಲ್ಲ.

ಮೊದಲ ವಂದನೆ ನನ್ನ ಹೆಂಡತಿಗೆ. ನನ್ನನ್ನು ಮುಟ್ಟಿ ಎಬ್ಬಿಸಬಾರದೆಂದು ಯಾರೂ ಹೇಳಿಕೊಡುವ ಮೊದಲೇ ಅರಿತುಕೊಂಡು, ಮಂಚದ ಕಾಲ ಬಳಿ ನಿಂತು ಹೆಸರು ಹಿಡಿದು ಕರೆಯುತ್ತಿದ್ದಳು. ಮೊದಲು ತೋರಿಸಿದ ಕಡೆ ನಿದ್ದೆ ಮಾತ್ರೆ ಬರೆದುಕೊಟ್ಟು ಕಳುಹಿಸಿದಾಗ, ಇಷ್ಟಕ್ಕೇ ಬಿಡುವುದಿಲ್ಲವೆಂದು ಮನೋವೈದ್ಯರಲ್ಲಿಗೆ ಕರೆದೊಯ್ದವಳೂ ಅವಳೇ.

ಅಲ್ಲಿನ ಮನಶ್ಶಾಸ್ತ್ರಜ್ಞೆ ಮೇಡಂ ಅವರಿಗೆ ನಾನು ಋಣಿ. ಆದದ್ದನ್ನು ಮರೆತುಬಿಡು ಎಂದು ಊರೆಲ್ಲ ಬುದ್ಧಿ ಹೇಳುತ್ತಿದ್ದಾಗ, ನೆನಪಿನಿಂದ ತಪ್ಪಿಸಿಕೊಳ್ಳುವ ಪ್ರಯತ್ನವೇ ಕಾಯಿಲೆಯನ್ನು ಬೆಳೆಸುತ್ತದೆ ಎಂದವರು ಅವರೊಬ್ಬರೇ. ಅಮೆರಿಕದ ಮನಶ್ಶಾಸ್ತ್ರಜ್ಞೆ ಎಡ್ನಾ ಫೋವಾ ರೂಪಿಸಿದ ಪದ್ಧತಿಯಂತೆ, ಕಣ್ಣು ಮುಚ್ಚಿ ಆ ದಿನವನ್ನು ಈಗಲೇ ನಡೆಯುತ್ತಿದೆ ಎಂಬಂತೆ ಬಾಯಿಬಿಟ್ಟು ಹೇಳಬೇಕಿತ್ತು. ಅದನ್ನು ಧ್ವನಿಮುದ್ರಿಸಿಕೊಂಡು ಮನೆಯಲ್ಲಿ ದಿನವೂ ಕೇಳಬೇಕಿತ್ತು. ಆರಂಭದ ವಾರಗಳಲ್ಲಿ ನಿದ್ದೆ ಇನ್ನಷ್ಟು ಕೆಟ್ಟಿತೆಂಬುದನ್ನು ಮುಚ್ಚಿಡಲಾರೆ. ಜೊತೆಗೆ ಕೊಟ್ಟ, ಆತಂಕ, ಖಿನ್ನತೆ ತಗ್ಗಿಸುವ ಸರ್ಟ್ರಲೀನ್ ಮಾತ್ರೆ ಹಿಡಿಯಲೂ ಕೆಲವು ವಾರ ಬೇಕಾಯಿತು. ಆದರೆ ಹೇಳುತ್ತ ಹೇಳುತ್ತ, ನಾನು ನೆನಪಿಸಿಕೊಳ್ಳಲೂ ಹೆದರುತ್ತಿದ್ದ ಆ ಕೆಲವು ನಿಮಿಷಗಳಿಗೆ ಒಂದು ಮೊದಲು, ಒಂದು ಕೊನೆ ಕಾಣತೊಡಗಿತು.

ದೂರವಿಟ್ಟಿದ್ದ ಸದ್ದು, ಜಾಗಗಳನ್ನು ಕಡಿಮೆ ಭಯದಿಂದ ಹೆಚ್ಚಿನದರತ್ತ ಪಟ್ಟಿ ಮಾಡಿ ಒಂದೊಂದಾಗಿ ಎದುರಿಸುವುದು ಚಿಕಿತ್ಸೆಯ ಇನ್ನೊಂದು ಭಾಗ. ದಸರೆಗೆ ಮುನ್ನ ಆನೆ, ಕುದುರೆಗಳು ಬೆದರದಿರಲೆಂದು ಕುಶಾಲತೋಪಿನ ತಾಲೀಮು ನಡೆಸುವುದಿಲ್ಲವೇ, ನನ್ನದೂ ಅಂಥದ್ದೇ ತಾಲೀಮು. ನಮ್ಮಲ್ಲಿ ಕಬ್ಬಿನ ತರಗಿಗೆ ಬೆಂಕಿ ಕೊಟ್ಟರೆ ಗುಂಡು ಹಾರಿದಂತೆ ಪಟಪಟ ಸಿಡಿಯುತ್ತದೆ. ಪಕ್ಕದ ಗದ್ದೆಯವರು, "ಅಣ್ಣಾ, ಇವತ್ತು ತರಗು ಸುಡ್ತೀವಿ" ಎಂದು ಮೊದಲೇ ಫೋನ್ ಮಾಡುತ್ತಿದ್ದರು, ನಾನು ಪಟ್ಟಣಕ್ಕೆ ಹೊರಟುಬಿಡುತ್ತಿದ್ದೆ. ಫೋನ್ ಬರಲಿ, ಆದರೆ ಊರು ಬಿಡಬೇಡಿ ಎಂದರು ಮೇಡಂ. ಆಗ ನನ್ನೊಡನೆ ಬದುವಿನ ಮೇಲೆ, ಎದೆಬಡಿತ ಇಳಿಯುವವರೆಗೂ, ತಮ್ಮ ಕೆಲಸ ಬಿಟ್ಟು ನಿಂತ ಆ ನೆರೆಯವರ ಉಪಕಾರ ದೊಡ್ಡದು.

ಪಿಟಿಎಸ್‌ಡಿ ವೈದ್ಯರ ಅಧಿಕೃತ ಪಟ್ಟಿಗೆ ಸೇರಿದ್ದೇ 1980ರಲ್ಲಿ, ಅಮೆರಿಕದಲ್ಲಿ. 1965, 1971ರ ಯುದ್ಧಗಳಿಂದ ಮರಳಿ, ಕುಡುಕರೆಂದೋ ಮುಂಗೋಪಿಗಳೆಂದೋ ಅನ್ನಿಸಿಕೊಂಡ ಹಿರಿಯರಲ್ಲಿ ಎಷ್ಟು ಜನ ಈ ನೋವಿನಲ್ಲೇ ಹೋದರೋ ಎಂದು ಈಗ ಅನ್ನಿಸುತ್ತದೆ.

ದುಃಸ್ವಪ್ನ ಈಗಲೂ ಅಪರೂಪಕ್ಕೆ ಬರುತ್ತದೆ. ತಾಲ್ಲೂಕಿನ ಮಾಜಿ ಸೈನಿಕ ಮಿತ್ರರಲ್ಲಿ ಯಾರಿಗಾದರೂ ಆಸ್ಪತ್ರೆಗೆ ಹೋಗಲು ಸಂಕೋಚವಿದ್ದರೆ, ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ. ಜೊತೆಗೊಬ್ಬರು ಬೇಕೆಂದರೆ ನಾನೇ ಮೈಸೂರಿಗೆ ಬರುತ್ತೇನೆ.